ಹಳೇ ಮ್ಯಾಸಿ 35: ಯಾವ ಲೈಟು, ಯಾವ ವೈರು ಒರಿಜಿನಲ್?

ಕೇಳಿದ್ದು, ಮಂಡ್ಯ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಕೊಂಡಿದ್ದ ಮ್ಯಾಸಿ ಫರ್ಗ್ಯುಸನ್ 35 ಟ್ರ್ಯಾಕ್ಟರ್ ಹದಿನೈದು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿತ್ತು. ಮೂರು ಸಿಲಿಂಡರಿನ ಪರ್ಕಿನ್ಸ್ ಇಂಜಿನ್. ಇಂಜಿನ್ ಕೆಲಸ ಮುಗಿದಿದೆ, ಸ್ಟಾರ್ಟ್ ಆಗುತ್ತಿದೆ. ತಾತ ಮನೆಗೆ ತಂದ ದಿನ ಹೇಗಿತ್ತೋ ಹಾಗೇ ಮಾಡಬೇಕು ಅನ್ನೋದು ನನ್ನ ಆಸೆ.

ತೊಂದರೆ ಇರೋದು ಲೈಟು ಮತ್ತು ವೈರಿಂಗಿನಲ್ಲಿ. ಮುಂದಿನ ಎರಡು ಡೂಮ್ (ಹೆಡ್‌ಲೈಟ್) ಒಂದರ ಹಾಗೆ ಇನ್ನೊಂದಿಲ್ಲ. ಎಡಗಡೆ ಮಡ್‌ಗಾರ್ಡಿನಲ್ಲಿ ಮೂರು ತೂತು, ದೀಪ ಮಾತ್ರ ಒಂದೇ. ವೈರೆಲ್ಲಾ ಕೆಂಪು ಇಲ್ಲಾ ಕಪ್ಪು, ಮೇಲೆ ಟೇಪ್ ಸುತ್ತಿದ್ದಾರೆ. ಎಲ್ಲಾ ಕಿತ್ತು ಹೊಸದು ಹಾಕಿಬಿಡೋಣ ಅಂತಾರೆ ಮೆಕ್ಯಾನಿಕ್. ಮಾಡಿದವರು ದಯವಿಟ್ಟು ಹೇಳಿ.

ತಿಪಟೂರಿನಿಂದ

ದಯವಿಟ್ಟು ಈಗಲೇ ಒಂದು ವೈರನ್ನೂ ಕೀಳಬೇಡಿ. ಪೇಂಟಿಗೂ ಕೊಡಬೇಡಿ. ನಾನು ಇದನ್ನು ಕಳೆದುಕೊಂಡು ಕಲಿತವನು. ನಮ್ಮ ಗಾಡಿಯನ್ನು ಮೊದಲು ಪೇಂಟಿಗೆ ಬಿಟ್ಟೆ. ಅವರು ಹಳೇ ಬಣ್ಣ ಪೂರ್ತಿ ಉಜ್ಜಿ, ಬೇಡದ ತೂತು ಅಂದುಕೊಂಡು ಎಲ್ಲಕ್ಕೂ ಪುಟ್ಟಿ ತುಂಬಿಬಿಟ್ಟರು. ಗಾಡಿ ಹೊಳೆಯಿತು. ಹಿಂದಿನ ದೀಪ ಎಲ್ಲಿತ್ತು ಅನ್ನೋದಕ್ಕೆ ಇದ್ದ ಗುರುತೆಲ್ಲಾ ಅಳಿಸಿಹೋಯಿತು. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ನಿಮ್ಮ ಮೂರು ತೂತಿನಿಂದಲೇ ಶುರು ಮಾಡಿ. ಟಾರ್ಚ್ ಹಿಡಿದು ತೂತಿನ ಒಳ ಅಂಚು ನೋಡಿ. ಕಾರ್ಖಾನೆಯಲ್ಲಿ ಕೊರೆದ ತೂತಾದರೆ ಅದರ ಅಂಚಿನ ಒಳಗೂ ಮೊದಲ ಬಣ್ಣ ಇಳಿದಿರುತ್ತದೆ. ಆಮೇಲೆ ಕೊರೆದದ್ದಾದರೆ ಅಂಚಿನಲ್ಲಿ ಬರೀ ತುಕ್ಕು, ಬೆರಳಾಡಿಸಿದರೆ ತರಿ ತರಿ. ಆಮೇಲೆ ತೂತಿನ ಸುತ್ತ ನೋಡಿ. ವಾಷರೋ ದೀಪದ ಬುಡವೋ ಎಷ್ಟೋ ವರ್ಷ ಕೂತಿದ್ದ ಜಾಗದಲ್ಲಿ ಬಣ್ಣ ಮಾಸಿರುವುದಿಲ್ಲ, ನೆರಳಿನ ಹಾಗೆ ಒಂದು ಆಕಾರ ಉಳಿದಿರುತ್ತದೆ. ಅದರ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲಿನಲ್ಲಿ ಗುರುತು ಎಳೆದುಕೊಳ್ಳಿ. ನಾಳೆ ಗುಜರಿಯಲ್ಲಿ ದೀಪ ಹುಡುಕುವಾಗ ಆ ಹಾಳೆ ಜೇಬಿನಲ್ಲಿರಲಿ. ಬುಡ ಅದರ ಮೇಲೆ ಸರಿಯಾಗಿ ಕೂರಬೇಕು.

ಬಾನೆಟ್ ಕೆಳಗೂ, ಮಡ್‌ಗಾರ್ಡ್ ಒಳಮೈಯಲ್ಲೂ ವೈರ್ ಹಿಡಿಯುವ ಕ್ಲಿಪ್‌ಗಳು ಉಳಿದಿರಬಹುದು. ಹಳೇ ವೈರ್ ಹೋಗುತ್ತಿದ್ದ ದಾರಿ ಅವುಗಳಿಂದಲೇ ತಿಳಿಯುತ್ತದೆ. ಒಂದೊಂದಕ್ಕೂ ಫೋಟೋ ತೆಗೆಯಿರಿ, ಜಾಸ್ತಿಯೇ ತೆಗೆಯಿರಿ.

ಬೆಂಗಳೂರಿನಿಂದ, ಆಟೋ ಎಲೆಕ್ಟ್ರಿಷಿಯನ್

ಮೇಲಿನವರು ತೂತಿನ ಬಗ್ಗೆ ಹೇಳಿದರು, ನಾನು ವೈರ್ ಬಗ್ಗೆ ಹೇಳುತ್ತೇನೆ. ಪೂರ್ತಿ ಕೆಂಪು-ಕಪ್ಪು ಅಂದರೆ ಹೊರಗೆ ಕಾಣುವುದೆಲ್ಲಾ ನಮ್ಮಂಥವರು ಆಮೇಲೆ ಹಾಕಿದ್ದು. ಆದರೆ ಯಾರೂ ಕೊನೆಯವರೆಗೆ ಕಿತ್ತಿರುವುದಿಲ್ಲ. ಮೀಟರ್ ಬೋರ್ಡಿನ ಹಿಂದೆ, ಸ್ವಿಚ್ಚಿನ ಬುಡದಲ್ಲಿ, ಕಟೌಟಿನ (ಬ್ಯಾಟರಿಗೆ ಬರುವ ಚಾರ್ಜನ್ನು ಹಿಡಿತದಲ್ಲಿಡುವ ಡಬ್ಬಿ) ಹತ್ತಿರ ನಾಲ್ಕು ಇಂಚು ಹಳೇ ವೈರ್ ಬಿಟ್ಟು ಅಲ್ಲಿಂದ ಜಾಯಿಂಟ್ ಕೊಟ್ಟಿರುತ್ತಾರೆ. ಟೇಪನ್ನು ಉದ್ದಕ್ಕೆ ಮೆಲ್ಲಗೆ ಸೀಳಿ ನೋಡಿ. ಬೆಳಕು ಬೀಳದ ಕಡೆ ಬಣ್ಣ ಹಾಗೇ ಇರುತ್ತದೆ. ಹೊರಗೆ ಬಿಸಿಲು ತಿಂದ ಬಿಳಿ ವೈರ್ ಕಂದು ಬಣ್ಣಕ್ಕೆ ತಿರುಗಿ ಮೋಸ ಮಾಡುತ್ತದೆ. ಒರೆಸಲು ಸೋಪಿನ ನೀರು ಸಾಕು. ಪೆಟ್ರೋಲು, ಥಿನ್ನರ್ ತಾಗಿಸಬೇಡಿ.

ಇಂಗ್ಲೆಂಡಿನ ಗಾಡಿಗಳಲ್ಲಿ, ಅಲ್ಲಿನ ಎಲೆಕ್ಟ್ರಿಕ್ ಸಾಮಾನಿನ ಕಂಪನಿ ಲೂಕಾಸ್‌ನ ಬಣ್ಣದ ಲೆಕ್ಕ ಹೀಗಿದೆ. ಬ್ಯಾಟರಿಯಿಂದ ಬರುವ ಮುಖ್ಯ ವೈರ್ ಕಂದು. ಕೀ ತಿರುಗಿಸಿದಾಗ ಕರೆಂಟ್ ಬರುವುದು ಬಿಳಿ. ಅದು ಫ್ಯೂಸ್ ದಾಟಿದ ಮೇಲೆ ಹಸಿರು. ಪಾರ್ಕಿಂಗ್ ದೀಪ, ಹಿಂದಿನ ದೀಪಕ್ಕೆ ಕೆಂಪು. ಹೆಡ್‌ಲೈಟಿಗೆ ನೀಲಿ, ಡಿಪ್ ಸ್ವಿಚ್ ದಾಟಿದ ಮೇಲೆ ಬ್ರೈಟಿಗೆ ಬಿಳಿ ಗೆರೆಯ ನೀಲಿ, ಡಿಮ್ಮಿಗೆ ಕೆಂಪು ಗೆರೆಯ ನೀಲಿ. ಅರ್ತ್ ಕಪ್ಪು. ಒಂದು ತುಂಡಿನಲ್ಲಿ ಈ ಗೆರೆ ಸಿಕ್ಕಿದರೂ ಸಾಕು, ಅದು ಯಾವ ದೀಪದ ವೈರ್ ಅಂತ ಖಚಿತ. ಹತ್ತಿ ನೂಲಿನ ಹೊದಿಕೆಯ ವೈರ್ ಸಿಕ್ಕಿದರೆ ಅದು ಇನ್ನೂ ಹಳೆಯದು. 1950ರ ದಶಕದ ಮಧ್ಯದಿಂದ ಪಿವಿಸಿ (ಪ್ಲಾಸ್ಟಿಕ್) ಹೊದಿಕೆ ಬಂತು, ಹಾಗಾಗಿ ನಿಮ್ಮದರಲ್ಲಿ ಪಿವಿಸಿಯೇ ಇರಬೇಕು.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಆ ಕಾಲದ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಇರುವ ಇಂಗ್ಲಿಷ್ ಗಾಡಿಗಳಲ್ಲಿ ಸಾಮಾನ್ಯವಾಗಿ ಪ್ಲಸ್ ಅರ್ತ್ ಇರುತ್ತಿತ್ತು. ಅಂದರೆ ಬ್ಯಾಟರಿಯ ಪ್ಲಸ್ ಕಡೆಯನ್ನು ಗಾಡಿಯ ಲೋಹದ ಮೈಗೆ ಜೋಡಿಸುತ್ತಿದ್ದರು. ಆಮೇಲೆ ಯಾರೋ ತಿರುಗಿಸಿರಬಹುದು. ಹಳೇ ಅರ್ತ್ ಪಟ್ಟಿ ಇದ್ದರೆ ಅದರ ಕ್ಲಾಂಪ್ ನೋಡಿ. ಬ್ಯಾಟರಿಯ ಪ್ಲಸ್ ಕಂಬ ಮೈನಸ್‌ಗಿಂತ ಸ್ವಲ್ಪ ದಪ್ಪ. ಅರ್ತ್ ಪಟ್ಟಿಯ ಕ್ಲಾಂಪ್ ದಪ್ಪ ಕಂಬಕ್ಕೆ ಸರಿಯಾಗಿ ಕೂರುತ್ತದೆ ಅಂದರೆ ಮೊದಲು ಪ್ಲಸ್ ಅರ್ತ್ ಇತ್ತು ಅನ್ನಬಹುದು. ಇದು ತಿಳಿಯದೆ ಎಲ್‌ಇಡಿ ದೀಪವನ್ನೋ ಮೊಬೈಲ್ ಚಾರ್ಜರನ್ನೋ ಗಾಡಿಯ ಮೈಗೆ ಅರ್ತ್ ಕೊಟ್ಟು ಹಾಕಿದರೆ ಸುಟ್ಟುಹೋಗಬಹುದು.

ಇಂಗ್ಲೆಂಡಿನ ಕವೆಂಟ್ರಿಯಿಂದ

ನಮ್ಮೂರು ಹಾಸನ, ಇರೋದು ಕವೆಂಟ್ರಿಯಲ್ಲಿ. ಈ 35 ಮಾಡೆಲ್ ಹುಟ್ಟಿದ್ದು ಇದೇ ಊರಿನ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ. ಮೊದಲು 1956ರಲ್ಲಿ ಬೂದು ಮತ್ತು ಚಿನ್ನದ ಬಣ್ಣದಲ್ಲಿ ಬಂತು, 1957ರ ಕೊನೆಗೆ ಕೆಂಪು-ಬೂದು ಆಯಿತು. ಮೂರು ಸಿಲಿಂಡರ್ ಪರ್ಕಿನ್ಸ್ ಬಂದದ್ದು 1959ರ ಕೊನೆಗೆ. ಹಾಗಾಗಿ ನಿಮ್ಮ ಗಾಡಿ ಅದಕ್ಕಿಂತ ಹಿಂದಿನದಲ್ಲ. ಭಾರತದಲ್ಲಿ ಮ್ಯಾಸಿ ಟ್ರ್ಯಾಕ್ಟರ್ ಮಾಡುತ್ತಿದ್ದ ಟಾಫೆ ಕಂಪನಿ ಶುರುವಾದದ್ದು 1960ರಲ್ಲಿ ಮದ್ರಾಸಿನಲ್ಲಿ. ನಿಮ್ಮದು ಇಲ್ಲಿಂದ ಬಂದದ್ದೋ ಅಲ್ಲಿ ಜೋಡಿಸಿದ್ದೋ ಅಂತ ಸೀರಿಯಲ್ ಪ್ಲೇಟಿನಲ್ಲಿ ಮೊದಲು ನೋಡಿ. ದೀಪದ ಪ್ರಶ್ನೆಗೂ ಅದು ಬೇಕು.

ಯಾಕೆಂದರೆ ಲೂಕಾಸ್ ಸಾಮಾನಿನ ಮೇಲೆ ಅದರ ಊರು, ಹುಟ್ಟಿದ ತಿಂಗಳು ಎರಡೂ ಸಿಗುತ್ತವೆ. ಡೈನಮೋ ಮೈಮೇಲೆ, ಸೆಲ್ಫ್ ಮೋಟರ್ ಮೇಲೆ, ಎಷ್ಟೋ ಸ್ವಿಚ್ಚುಗಳ ಮೇಲೂ ಸಣ್ಣ ಅಂಕಿ ಒತ್ತಿರುತ್ತಾರೆ. ‘5 62’ ಅಂದರೆ 1962ರ ಮೇ. ಗಾಡಿ ತಯಾರಾಗುವ ಕೆಲವು ತಿಂಗಳ ಹಿಂದಿನ ಅಂಕಿ ಇದ್ದರೆ ಅದು ಗಾಡಿಯ ಜೊತೆಗೇ ಬಂದದ್ದು ಅಂತ ನಾನು ನಂಬುತ್ತೇನೆ. ಲೂಕಾಸ್-ಟಿವಿಎಸ್ ಅಂತ ಬರೆದಿದ್ದರೆ ಅದು ಮದ್ರಾಸಿನದು, ಆ ಕಂಪನಿ 1961ರಲ್ಲಿ ಶುರುವಾಯಿತು. ಇಂಗ್ಲೆಂಡಿನಿಂದ ಬಂದ ಗಾಡಿಯಲ್ಲಿ ಆ ಹೆಸರು ಕಂಡರೆ ಆಮೇಲೆ ಬದಲಾಯಿಸಿದ್ದು. ಅಲ್ಲೇ ಜೋಡಿಸಿದ ಗಾಡಿಯಾದರೆ ಅದೇ ಒರಿಜಿನಲ್ ಇರಬಹುದು.

ಡೂಮ್ ಗಾಜಿನ ಮೇಲೂ ಬರಹ ಇರುತ್ತದೆ. ಕೊಳ್ಳುವ ಮೊದಲು ಡಿಪ್ (ಡಿಮ್) ಬೆಳಕು ಯಾವ ಕಡೆ ಬೀಳುತ್ತದೆ ನೋಡಿ. ಭಾರತಕ್ಕೂ ಇಂಗ್ಲೆಂಡಿಗೂ ಎಡಕ್ಕೆ ಬೀಳಬೇಕು. ಯುರೋಪಿನ ಬೇರೆ ದೇಶದ ಗಾಜು ನೋಡಲು ಹಾಗೇ ಇದ್ದರೂ ಬೆಳಕು ಬಲಕ್ಕೆ, ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ.

ಒಂದು ವಿಷಯ ಕೇಳಿ ಬೇಜಾರಾಗಬೇಡಿ. ಹಳೇ ಫರ್ಗ್ಯುಸನ್‌ಗಳಿಗೆ ಲೈಟು ಬೇಕಾದವರು ಮಾತ್ರ ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಿದ್ದರು. ನಿಮ್ಮ ತಾತನ ಗಾಡಿ ಲೈಟಿಲ್ಲದೆ ಬಂದು, ಊರಲ್ಲೇ ಹಾಕಿಸಿದ್ದರೂ ಇರಬಹುದು. ಹಾಗಾದರೆ ತಾತ ಹಾಕಿಸಿದ ದೀಪವನ್ನೇ ಉಳಿಸಿಕೊಳ್ಳಿ ಅನ್ನುತ್ತೇನೆ.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಪೂರ್ತಿ ಕೂತು ನೋಡಿದೆ. ಡೈನಮೋ ಒರೆಸಿದಾಗ ಸಿ40ಎ ಅಂತಲೂ, ಪಕ್ಕದಲ್ಲಿ 3 63 ಅಂತಲೂ ಕಂಡಿತು. ಮೀಟರ್ ಬೋರ್ಡಿನ ಹಿಂದೆ ಟೇಪ್ ಬಿಚ್ಚಿದರೆ ಬಿಳಿ ಗೆರೆಯ ನೀಲಿ ವೈರ್ ಗೇಣುದ್ದ ಇದೆ! ಅಂದರೆ ಹೆಡ್‌ಲೈಟ್ ಮೊದಲಿನಿಂದಲೂ ಇತ್ತು ಅಲ್ವಾ? ಮಡ್‌ಗಾರ್ಡಿನ ಮೂರು ತೂತಿನಲ್ಲಿ ಎರಡರ ಒಳಗೆ ಬೂದು ಬಣ್ಣ ಇದೆ, ಮೂರನೆಯದರಲ್ಲಿ ಬರೀ ತುಕ್ಕು. ಬಲಗಡೆಯ ಡೂಮ್ ಗಾಜಿನಲ್ಲಿ ಲೂಕಾಸ್ ಅಂತ ಇದೆ, ಎಡಗಡೆಯದರಲ್ಲಿ ಹೆಸರೇ ಇಲ್ಲ. ಅಮ್ಮನನ್ನು ಕೇಳಿದೆ. ಎಡಗಡೆಯದು ಹುಣಸೆ ಮರಕ್ಕೆ ತಾಗಿ ಒಡೆದಿತ್ತು, ತಾತನೇ ಪೇಟೆಯಿಂದ ಬೇರೆ ತಂದು ಹಾಕಿಸಿದರು ಅಂದರು.

ಬೆಂಗಳೂರಿನಿಂದ, ಆಟೋ ಎಲೆಕ್ಟ್ರಿಷಿಯನ್

ಹೌದು, ಆ ನೀಲಿ-ಬಿಳಿ ಇದ್ದರೆ ಹೆಡ್‌ಲೈಟಿಗಾಗಿಯೇ ವೈರ್ ಎಳೆದಿದ್ದರು. ಆ ತುಂಡನ್ನು ಬಿಸಾಡಬೇಡಿ, ಹೊಸ ವೈರ್ ತರುವಾಗ ಅದನ್ನೇ ತೋರಿಸಿ. ಒಡೆಯದೆ ಉಳಿದ ಡೂಮ್ ಹಿಡಿದುಕೊಂಡು ಶಿವಾಜಿನಗರದ ಗುಜರಿಯಲ್ಲಿ ಜೋಡಿ ಹುಡುಕಿ. ಆತುರ ಮಾಡಬೇಡಿ.

ನಿಮ್ಮ ಸಿ40ಎ ಮಾದರಿಯ ಡೈನಮೋ ಕೊಡುವುದು 11 ಆಂಪಿಯರ್, ಅಂದರೆ ಸುಮಾರು 130 ವ್ಯಾಟ್ ಅಷ್ಟೇ. ದೊಡ್ಡ ಹ್ಯಾಲೊಜೆನ್ ಹಾಕಿದರೆ ಬ್ಯಾಟರಿ ಇಳಿಯುತ್ತದೆ, ಮೊದಲಿನ ವ್ಯಾಟಿನ ಬಲ್ಬನ್ನೇ ಹಾಕಿ. ಬ್ಯಾಟರಿ ಹತ್ತಿರ ಕಣ್ಣಿಗೆ ಕಾಣದ ಹಾಗೆ ಒಂದು ಫ್ಯೂಸ್ ಸೇರಿಸಿ, ಅದು ಮೊದಲು ಇರದಿದ್ದರೂ ಪರವಾಗಿಲ್ಲ. ಮತ್ತೆ ಹೈ-ಲೋ ಗೇರ್ ಲಿವರ್ ನ್ಯೂಟ್ರಲ್ಲಿನಲ್ಲಿ ಇದ್ದರೆ ಮಾತ್ರ ಸೆಲ್ಫ್ ಹೊಡೆಯುವ ಸೇಫ್ಟಿ ಸ್ವಿಚ್ ಇದೆಯಲ್ಲ, ಅದನ್ನು ಎಷ್ಟೋ ಗಾಡಿಗಳಲ್ಲಿ ತಪ್ಪಿಸಿ ನೇರ ಬಟನ್ ಕೊಟ್ಟಿರುತ್ತಾರೆ. ನಿಮ್ಮದರಲ್ಲೂ ಹಾಗಿದ್ದರೆ ಲೈಟಿಗಿಂತ ಮೊದಲು ಅದನ್ನು ಸರಿ ಮಾಡಿ. ಗೇರಿನಲ್ಲಿದ್ದಾಗ ಮಕ್ಕಳು ಬಟನ್ ಒತ್ತಿದರೆ ಗಾಡಿ ಮುಂದಕ್ಕೆ ಹೋಗಿಬಿಡುತ್ತದೆ.