ವಕೀಲರ ಕಚೇರಿಗೆ ಯಾವ ಆಪರೇಟಿಂಗ್ ಸಿಸ್ಟಂ? ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ

ವಕೀಲರು, ಹಾವೇರಿ:
ನನ್ನ ಕಚೇರಿಯ ಲ್ಯಾಪ್‌ಟಾಪು 2016ರಲ್ಲಿ ಕೊಂಡದ್ದು. ಅದರಲ್ಲಿರುವ ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪ್ರೊಸೆಸರ್ ಹಳೆಯದಾದ್ದರಿಂದ ವಿಂಡೋಸ್ 11 ಇದರಲ್ಲಿ ಕೂರುವುದಿಲ್ಲ. ಜೀವನಾಂಶದ ಅರ್ಜಿಗಳು, ವಾಟ್ನಿ ದಾವೆಗಳು, ಕಕ್ಷಿದಾರರ ಪಾಸ್‌ಬುಕ್ಕಿನ ಪ್ರತಿಗಳು ಎಲ್ಲವೂ ಅದರಲ್ಲೇ ಇವೆ. ಕಕ್ಷಿದಾರರು ನಂಬಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ನನಗೆ ಹೇಳುತ್ತದೆ, ಆದರೆ ನನ್ನ ಕಂಪ್ಯೂಟರು ಯಾರಿಗೆ ಏನು ಹೇಳುತ್ತಿದೆ ಎಂಬುದು ನನಗೇ ತಿಳಿಯದು. ಹೊಸ ಯಂತ್ರ ಕೊಳ್ಳಲೇ, ಇದಕ್ಕೇ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸಲೇ? ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದಲ್ಲಿ ಬರೆದ ಹತ್ತು ವರ್ಷಗಳ ಕಡತಗಳ ಗತಿಯೇನು?

ತೆರಿಗೆ ಸಲಹೆಗಾರರು, ಹುಬ್ಬಳ್ಳಿ:
ವಕೀಲರೇ, ಯಾವ ಸಿಸ್ಟಂ ಎನ್ನುವುದಕ್ಕಿಂತ ಮೊದಲು, ಅದನ್ನು ಯಾರ ಹೆಸರಿನಲ್ಲಿ ಹಾಕುತ್ತಾರೆ ಎಂಬುದನ್ನು ನೋಡಿಕೊಳ್ಳಿ. ನಾನು ಹೊಸ ಲ್ಯಾಪ್‌ಟಾಪ್ ಕೊಂಡಾಗ ವಿಂಡೋಸ್ 11 ಸಿದ್ಧಪಡಿಸಿ ಕೊಡುವ ಕೆಲಸವನ್ನು ಅಂಗಡಿಯವರಿಗೇ ಬಿಟ್ಟಿದ್ದೆ. ಹೋಮ್ ಆವೃತ್ತಿಯು ಮೊದಲ ಸಲ ಆರಂಭವಾಗುವಾಗ ಮೈಕ್ರೋಸಾಫ್ಟ್ ಖಾತೆಯನ್ನು ಕೇಳುತ್ತದೆ. ಅಲ್ಲಿದ್ದ ಹುಡುಗ "ಮೇಲ್ ಐಡಿ ಕೇಳಿತ್ರೀ, ನಮ್ದ ಹಾಕೇನಿ" ಎಂದು ಯಂತ್ರವನ್ನು ಕೈಗಿತ್ತ. ಕೆಲಸ ಬೇಗ ಮುಗಿಯಿತೆಂದು ನಾನೂ ಸಂತೋಷಪಟ್ಟೆ.

ಆರು ತಿಂಗಳ ನಂತರ, ರಿಟರ್ನ್ ಸಲ್ಲಿಸುವ ಗಡುವಿಗೆ ಮೂರು ದಿನವಿರುವಾಗ, ಬಯೋಸ್ (ಯಂತ್ರವನ್ನು ಆರಂಭಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಆದ ಮೇಲೆ ನೀಲಿ ಪರದೆಯೊಂದು ಬಂದು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಿತು. ಇಂಥ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ತಾನೇ ಎನ್‌ಕ್ರಿಪ್ಟ್ ಆಗುತ್ತದೆ (ಕೀಲಿಯಿಲ್ಲದೆ ಓದಲಾಗದಂತೆ ಗೂಢಲಿಪಿಯಾಗುತ್ತದೆ), ಕೀಲಿ ಆ ಖಾತೆಯಲ್ಲಿ ಉಳಿಯುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ಖಾತೆಯೋ ಅಂಗಡಿಯದು. ಫೋನ್ ಮಾಡಿದೆ. ಹುಡುಗ ಆರಾರು ಅಂಕಿಗಳ ಎಂಟು ಗುಂಪುಗಳನ್ನು ಓದಿ ಹೇಳುತ್ತ ಹೋದ, ನಾನು ಚಲನ್ನಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತ ಹೋದೆ. ಎಲ್ಲ ಮುಗಿದ ಮೇಲೆ, ಉಪಕಾರದ ಧ್ವನಿಯಲ್ಲೇ, "ನಿಮ್ಮ ಫೈಲೂ ಇಲ್ಲೇ ಕಾಣಸ್ತಾವ್ರೀ ಸರ್" ಎಂದ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳು ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಮೂಲಕ ಆ ಖಾತೆಗೇ ನಕಲಾಗುತ್ತಿದ್ದವು. ಹುಡುಗನದು ದುರುದ್ದೇಶವಲ್ಲ, ಆದರೆ ನನ್ನ ಅರವತ್ತು ಗಿರಾಕಿಗಳ ಲೆಕ್ಕ ಅಷ್ಟು ದಿನ ಅವನ ಪರದೆಯ ಮೇಲಿತ್ತು.

ಆಮೇಲೆ ಮಾಡಿದ್ದು ಇಷ್ಟು: ಕಡತಗಳನ್ನು ಹೊರಗಿನ ಡಿಸ್ಕಿಗೆ ತೆಗೆದು, ಆ ಖಾತೆಯಲ್ಲಿದ್ದ ಪ್ರತಿಗಳನ್ನು ಅಂಗಡಿಯಲ್ಲೇ ಕುಳಿತು ಅಳಿಸಿ, ನನ್ನದೇ ಖಾತೆಯಲ್ಲಿ ವಿಂಡೋಸನ್ನು ಹೊಸದಾಗಿ ಹಾಕಿಕೊಂಡೆ. ಹೊಸ ಕೀಲಿಯನ್ನು ಮುದ್ರಿಸಿ ಮನೆಯ ಪತ್ರಗಳ ಜೊತೆ ಟ್ರಂಕಿನಲ್ಲಿಟ್ಟಿದ್ದೇನೆ. ಒನ್‌ಡ್ರೈವ್ ಬ್ಯಾಕಪ್, ಜಾಹೀರಾತು ಐಡಿ, ಐಚ್ಛಿಕ ಡಯಾಗ್ನಾಸ್ಟಿಕ್ ಡೇಟಾ (ಯಂತ್ರದ ಬಳಕೆಯ ಬಗ್ಗೆ ಮೈಕ್ರೋಸಾಫ್ಟಿಗೆ ಹೋಗುವ ಮಾಹಿತಿ) ಮೂರನ್ನೂ ನಿಲ್ಲಿಸಿದ್ದೇನೆ. 'ಅಗತ್ಯ' ಎಂದು ಹೆಸರಿಟ್ಟಿರುವ ಡಯಾಗ್ನಾಸ್ಟಿಕ್ ಡೇಟಾವನ್ನು ಮಾತ್ರ ಹೋಮ್ ಆವೃತ್ತಿಯ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಲು ಬರುವುದಿಲ್ಲ. ನನ್ನ ಲೆಕ್ಕದ ತಂತ್ರಾಂಶಕ್ಕೆ ವಿಂಡೋಸ್ ಬೇಕೇ ಬೇಕಾದ್ದರಿಂದ ಸಹಿಸಿಕೊಂಡಿದ್ದೇನೆ. ತಮಗೆ ಆ ಕಟ್ಟು ಇಲ್ಲದಿದ್ದರೆ ಸಹಿಸುವ ಕಾರಣವೂ ಇಲ್ಲ.

ಡಿಟಿಪಿ ಅಂಗಡಿ, ಗದಗ-ಬೆಟಗೇರಿ:
ನಾಲ್ಕು ವರ್ಷಗಳಿಂದ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಬಳಸುತ್ತಿದ್ದೇನೆ. ಖಾತೆ ಕೇಳುವುದಿಲ್ಲ, ಹೇಳದೆ ಅಪ್‌ಡೇಟಿಗೆ ಕೂರುವುದಿಲ್ಲ. ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆಯನ್ನು ಗುರುತಿಸಿ. ಇಲ್ಲಿ ಪಾಸ್‌ವರ್ಡ್ ತಮ್ಮ ಬಳಿ ಮಾತ್ರ ಇರುತ್ತದೆ, ಮರೆತರೆ ಯಾವ ಅಂಗಡಿಯವನೂ ತೆರೆದು ಕೊಡಲಾರ.

ನುಡಿಯ ವಿಷಯಕ್ಕೆ ಬಂದರೆ, ಬೆರಳುಗಳಿಗೆ ತೊಂದರೆಯಿಲ್ಲ: ಕೀಬೋರ್ಡ್ ಪಟ್ಟಿಯಲ್ಲಿ, ನುಡಿಯಲ್ಲಿ ಬಳಸುವ 'ಕಗಪ' ಕೀಲಿ ವಿನ್ಯಾಸವೇ ಇದೆ. ತೊಂದರೆ ಇರುವುದು ಹಳೆಯ ಕಡತಗಳಲ್ಲಿ. ಅವು ಯೂನಿಕೋಡಿನಲ್ಲಿ (ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ) ಇಲ್ಲದಿದ್ದರೆ, ನುಡಿ ಫಾಂಟುಗಳನ್ನು ಹಾಕಿಕೊಂಡಾಗ ಲಿಬ್ರೆಆಫೀಸ್ ಎಂಬ ಉಚಿತ ಬರವಣಿಗೆ ತಂತ್ರಾಂಶದಲ್ಲಿ ಓದಲು ಬರುತ್ತವೆ, ತಿದ್ದಬೇಕಾದರೆ ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಅರ್ಕಾವೊತ್ತು ಸ್ಥಾನಪಲ್ಲಟವಾಗುವುದುಂಟು. ಪಕ್ಷಕಾರರ ಹೆಸರು, ಸರ್ವೇ ನಂಬರುಗಳಿರುವ ಸಾಲುಗಳನ್ನು ಮೂಲದೊಂದಿಗೆ ತಾಳೆ ನೋಡಲೇಬೇಕು. ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ: ಯಾವುದೋ ಜಾಲತಾಣದ ಪರಿವರ್ತಕದಲ್ಲಿ ಕಕ್ಷಿದಾರರ ಅಫಿಡವಿಟ್ಟನ್ನು ಅಂಟಿಸಿದರೆ, ಲಿನಕ್ಸ್ ಹಾಕಿಕೊಂಡು ಉಳಿಸಿದ ಗೋಪ್ಯತೆ ಆ ಒಂದು ಅಂಟಿಸುವಿಕೆಯಲ್ಲಿ ಹೋಯಿತು. ಸ್ವಂತ ಯಂತ್ರದಲ್ಲೇ ನಡೆಯುವ ಪರಿವರ್ತಕವನ್ನು ಇಟ್ಟುಕೊಂಡು, ನೆಟ್ ಕಿತ್ತುಹಾಕಿ ಕೆಲಸ ಮಾಡಿ. ಪೋಸ್ಟರಿನ ಕೆಲಸಕ್ಕೆ ಕೋರೆಲ್‌ಡ್ರಾ ಎಂಬ ವಿನ್ಯಾಸದ ತಂತ್ರಾಂಶ ಬೇಕಾದ್ದರಿಂದ ನಾನೂ ಒಂದು ವಿಂಡೋಸ್ ಯಂತ್ರ ಇಟ್ಟಿದ್ದೇನೆ. ಅದಕ್ಕೆ ನೆಟ್ ಕೊಟ್ಟಿಲ್ಲ.

ಉಪನ್ಯಾಸಕರು, ಧಾರವಾಡ:
ಲಿನಕ್ಸ್ ಎಂದ ಮಾತ್ರಕ್ಕೆ ಕಣ್ಣು ಮುಚ್ಚಬೇಡಿ. 2012ರಲ್ಲಿ ಬಂದ, ಲಿನಕ್ಸ್‌ನ ಇನ್ನೊಂದು ಬಗೆಯಾದ ಉಬುಂಟುವಿನ 12.10 ಆವೃತ್ತಿಯಲ್ಲಿ ಬಳಕೆದಾರ ತನ್ನದೇ ಕಡತ ಹುಡುಕಲು ಟೈಪಿಸಿದ ಪದಗಳು ಹೊರಗೆ ಹೋಗಿ ಅಮೆಜಾನ್ ಸರಕುಗಳನ್ನು ಹೊತ್ತು ತರುತ್ತಿದ್ದವು. ಟೀಕೆ ಜೋರಾಗಿಯೇ ನಡೆಯಿತು, 2016ರ ಆವೃತ್ತಿಯಲ್ಲಿ ಅದು ತಾನಾಗಿ ನಡೆಯುವುದು ನಿಂತಿತು. ವ್ಯತ್ಯಾಸವೆಂದರೆ, ಅಲ್ಲಿ ಬೇಡವೆಂದವರು ಆ ಭಾಗವನ್ನು ಒಂದೇ ಸಾಲಿನ ಆಜ್ಞೆಯಿಂದ ಕಿತ್ತುಹಾಕಬಹುದಿತ್ತು. ಯಾವ ಸಿಸ್ಟಂ ಹಾಕಿದರೂ ಬ್ರೌಸರಿನಲ್ಲಿ ಲಾಗಿನ್ ಆಗಿ, ಖಾತೆಗೆ ಎಲ್ಲವನ್ನೂ ನಕಲಿಸುವ 'ಸಿಂಕ್' ಅನ್ನು ಚಾಲೂ ಬಿಟ್ಟರೆ ಹುಡುಕಾಟದ ಚರಿತ್ರೆ ಮತ್ತೆ ಹೊರಗೇ.

ವಕೀಲರು, ಹಾವೇರಿ:
ಎಲ್ಲರಿಗೂ ಧನ್ಯವಾದಗಳು. ಪೆನ್‌ಡ್ರೈವಿನಿಂದ ಮಿಂಟನ್ನು, ಇನ್‌ಸ್ಟಾಲ್ ಮಾಡದೆಯೇ, ಎರಡು ದಿನ ನಡೆಸಿ ನೋಡಿದೆ. ಪ್ರಿಂಟರ್ ತಾನಾಗಿ ಸಿಕ್ಕಿತು, ಡಿಜಿಟಲ್ ಸಹಿಯ ಟೋಕನ್ ಮಾತ್ರ ಡ್ರೈವರ್ ಇಲ್ಲದೆ ಸುಮ್ಮನಿದೆ. ಅದರ ಲಿನಕ್ಸ್ ಡ್ರೈವರ್ ಕೊಡುವಂತೆ ಮಾರಿದವರಿಗೆ ಬರೆದಿದ್ದೇನೆ. ನಮ್ಮ ಗುಮಾಸ್ತರೂ ಇದೇ ಯಂತ್ರದಲ್ಲಿ ಟೈಪ್ ಮಾಡುತ್ತಾರೆ, ಅದಕ್ಕೇನು ಮಾಡಲಿ?

ಡಿಟಿಪಿ ಅಂಗಡಿ, ಗದಗ-ಬೆಟಗೇರಿ:
ಅವರಿಗೆ ಬೇರೆ ಬಳಕೆದಾರ ಖಾತೆ ತೆರೆಯಿರಿ, ಅಡ್ಮಿನ್ ಹಕ್ಕು ಕೊಡಬೇಡಿ, ಟೈಪ್ ಮಾಡಬೇಕಾದ ಕಡತಗಳಿಗೆ ಒಂದು ಹಂಚಿಕೆಯ ಫೋಲ್ಡರ್ ಸಾಕು. ಡಿಸ್ಕಿನ ಪಾಸ್‌ವರ್ಡನ್ನು ಬೆಳಿಗ್ಗೆ ತಾವೇ ಹಾಕಿ.