ಆಟೋಕ್ಯಾಡ್: ಟ್ರಾವರ್ಸ್ ಸರಿಯಾಗಿ ಕೂಡುತ್ತದೆ, ಆದರೆ ರಸ್ತೆ ತಪ್ಪು ಬದಿಗೆ ಬರುತ್ತಿದೆ

ಗಡಿಕಲ್ಲು:

ನಾಲ್ಕು ಮೂಲೆಯ ಜಮೀನೊಂದರ ಟ್ರಾವರ್ಸ್ (ಗಡಿಯ ಸುತ್ತ ಒಂದರ ಹಿಂದೊಂದು ಅಳೆದ ಗೆರೆಗಳು) ಹಾಕುತ್ತಿದ್ದೇನೆ. ಸರ್ವೆ ಹಾಳೆಯಲ್ಲಿ ಕೊಟ್ಟಿರುವುದು ಪೂರ್ಣವೃತ್ತ ಬೇರಿಂಗ್ (ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸಿದ ಕೋನ), ಉದ್ದ ಮೀಟರ್‌ನಲ್ಲಿ:

ಎಬಿ: 45°30', 60.00
ಬಿಸಿ: 132°15', 48.20
ಸಿಡಿ: 221°40', 55.00
ಡಿಎ: 306°52', 52.41

0,0 ಯಿಂದ ಶುರುಮಾಡಿ ಪಿಲೈನ್ (ಗೆರೆ ಎಳೆಯುವ) ಕಮಾಂಡ್‌ನಲ್ಲಿ @60<45.5, @48.20<132.25, @55<221.6667, @52.41<306.8667 ಎಂದು ಕೊಟ್ಟೆ. ಕೊನೆಯ ಬಿಂದು ಎ ಇಂದ 2 ಸೆಂ.ಮೀ. ದೂರದಲ್ಲಿ ಬಂತು. ವಿಸ್ತೀರ್ಣ ಸುಮಾರು 2,880 ಚದರ ಮೀಟರ್, ಹಾಳೆಗೆ ತಾಳೆಯಾಗುತ್ತದೆ. ಮೊದಲ ಗೆರೆಯೂ ಸರಿಯಾಗಿಯೇ ಕಾಣುತ್ತದೆ. ಆದರೆ ಸಿಡಿ ಪಕ್ಕದ ರಸ್ತೆ ಜಾಗದಲ್ಲಿ ಆಗ್ನೇಯಕ್ಕಿದೆ, ಪರದೆಯಲ್ಲಿ ವಾಯವ್ಯಕ್ಕೆ ಬರುತ್ತಿದೆ. ಯೂನಿಟ್ಸ್ (ಅಳತೆ, ಕೋನಗಳ ಸೆಟ್ಟಿಂಗ್) ಮುಟ್ಟಿಲ್ಲ. ಎಲ್ಲಿ ತಪ್ಪುತ್ತಿದೆ?

ನಕ್ಷೆಮನೆ:

ಯೂನಿಟ್ಸ್ ಮುಟ್ಟದಿರುವುದೇ ಕಾರಣ. ಆಟೋಕ್ಯಾಡ್‌ಗೆ ಸೊನ್ನೆ ಡಿಗ್ರಿ ಅಂದರೆ ಪೂರ್ವ, ಕೋನ ಬೆಳೆಯುವುದು ಅಪ್ರದಕ್ಷಿಣವಾಗಿ. ನಿಮ್ಮ ಹಾಳೆಯ ಸೊನ್ನೆ ಉತ್ತರ, ಕೋನ ಪ್ರದಕ್ಷಿಣ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹಾಗೇ ಕೊಟ್ಟರೆ ಇಡೀ ಆಕೃತಿ 45 ಡಿಗ್ರಿ ಗೆರೆಯ ಆಚೆ ಮಗುಚಿಕೊಳ್ಳುತ್ತದೆ, ಅಂದರೆ ಎಕ್ಸ್ ಮತ್ತು ವೈ ಅದಲುಬದಲಾಗುತ್ತವೆ. ಮಗುಚಿದ ಆಕೃತಿಯಲ್ಲಿ ಉದ್ದ, ಒಳಕೋನ, ವಿಸ್ತೀರ್ಣ, ಕೂಡುವಿಕೆಯ ದೋಷ ಯಾವುದೂ ಬದಲಾಗುವುದಿಲ್ಲ. ಹಾಗಾಗಿ ಟ್ರಾವರ್ಸ್ ಕೂಡಿತು ಅಂದಮಾತ್ರಕ್ಕೆ ದಿಕ್ಕು ಸರಿ ಇದೆ ಎನ್ನಲಾಗದು. ಇಲ್ಲಿ ಎಬಿ ಬೇರಿಂಗ್ 45.5, ಮಗುಚಿದರೂ ಒಂದೇ ಡಿಗ್ರಿ ಸರಿಯುತ್ತದೆ, ಅದಕ್ಕೇ ಕಣ್ಣಿಗೆ ಬೀಳಲಿಲ್ಲ.

ಯೂನಿಟ್ಸ್ ತೆರೆದು ಕ್ಲಾಕ್‌ವೈಸ್ ಮುಂದೆ ಟಿಕ್ ಹಾಕಿ, ಕೆಳಗಿನ ಡೈರೆಕ್ಷನ್ ಬಟನ್ ಒತ್ತಿ ನಾರ್ತ್ ಆಯ್ಕೆಮಾಡಿ. ಎರಡೂ ಬೇಕು, ಒಂದನ್ನೇ ಮಾಡಿದರೆ ಬೇರೊಂದು ಬಗೆಯ ತಪ್ಪು ಬರುತ್ತದೆ. ಎಫ್12 ಒತ್ತಿ ಡೈನಮಿಕ್ ಇನ್‌ಪುಟ್ ಆಫ್ ಮಾಡಿ, ಕಮಾಂಡ್ ಲೈನ್‌ನಲ್ಲೇ ಟೈಪ್ ಮಾಡಿ. ಆಮೇಲೆ ಐಡಿ ಕಮಾಂಡ್‌ನಿಂದ ಮೂಲೆಗಳನ್ನು ನೋಡಿ: ಬಿ 42.795, 42.055, ಸಿ 78.474, 9.647, ಡಿ 41.910, -31.440 ಬರಬೇಕು.

ಈಗಾಗಲೇ ಹಾಕಿದ್ದನ್ನು ಅಳಿಸಬೇಕಿಲ್ಲ. ಮಿರರ್ ಕೊಟ್ಟು ಮೊದಲ ಬಿಂದು ಎ, ಎರಡನೆಯದು @1<45, ಮೂಲವನ್ನು ಅಳಿಸಲೇ ಎಂದು ಕೇಳಿದಾಗ ಹೌದು. ಪಠ್ಯವೂ ಇದ್ದರೆ ಮಿರ್‌ಟೆಕ್ಸ್ಟ್ ಎಂಬ ಸೆಟ್ಟಿಂಗ್ 0 ಇರಲಿ, ಇಲ್ಲದಿದ್ದರೆ ಅಕ್ಷರಗಳೂ ಮಗುಚುತ್ತವೆ.

ಇನ್ನೊಂದು: ಕೊನೆಗೆ ಕ್ಲೋಸ್ ಕೊಟ್ಟು ಮುಗಿಸಬೇಡಿ. ನಾಲ್ಕನೇ ಗೆರೆಯನ್ನೂ ಅಳತೆಯಂತೆ ಹಾಕಿದರಷ್ಟೇ ದೋಷ ಕಾಣುತ್ತದೆ. ನಿಮ್ಮದರಲ್ಲಿ 215.61 ಮೀ. ಸುತ್ತಳತೆಗೆ 0.0207 ಮೀ., ಅಂದರೆ ಸುಮಾರು 1:10,400. ಬೌಡಿಚ್ ಪ್ರಕಾರ, ಅಂದರೆ ಗೆರೆಯ ಉದ್ದಕ್ಕೆ ತಕ್ಕಂತೆ ದೋಷ ಹಂಚಿದರೆ ಎಬಿ ಪಾಲಿಗೆ 6 ಮಿ.ಮೀ. ಕೂಡ ಬರುವುದಿಲ್ಲ.

ಗಡಿಕಲ್ಲು:

ತುಂಬ ಥ್ಯಾಂಕ್ಸ್ ಸರ್, ಮೂಲೆಗಳು ತಾಳೆಯಾದವು. ಆದರೆ ಈಗ ಟೆಕ್ಸ್ಟ್ ಹಾಕಿದರೆ ನೆಟ್ಟಗೆ ನಿಂತುಕೊಳ್ಳುತ್ತಿದೆ. ರೊಟೇಟ್ ಕೂಡ ತಿರುಗುಮುರುಗು.

ಸರಪಳಿ33:

ಅದು ಆ ಸೆಟ್ಟಿಂಗ್‌ನ ಜೊತೆಗೇ ಬರುವ ತಲೆನೋವು. ಸೊನ್ನೆ ಉತ್ತರಕ್ಕೆ ಹೋದಮೇಲೆ ಸೊನ್ನೆ ಕೋನದ ಪಠ್ಯವೂ ಉತ್ತರಕ್ಕೇ ಓಡುತ್ತದೆ. ಅಡ್ಡಕ್ಕೆ ಬೇಕಾದರೆ 90 ಕೊಡಬೇಕು. ರೊಟೇಟ್‌ನಲ್ಲಿ ಧನ ಕೋನ ಪ್ರದಕ್ಷಿಣವಾಗುತ್ತದೆ. ಈ ಸೆಟ್ಟಿಂಗ್ ಆಯಾ ಡ್ರಾಯಿಂಗ್ ಫೈಲ್‌ನೊಳಗೆ ಉಳಿಯುವುದರಿಂದ, ನಾಳೆ ಅದೇ ಫೈಲ್ ತೆರೆದ ಆರ್ಕಿಟೆಕ್ಟ್ ನಿಮ್ಮನ್ನು ಬೈಯುವುದು ಖಂಡಿತ.

ನನ್ನ ಪ್ರಕಾರ ಯೂನಿಟ್ಸ್ ಪೂರ್ವ, ಅಪ್ರದಕ್ಷಿಣ ಎಂದೇ ಇರಲಿ, ಬೇರಿಂಗನ್ನು ಚತುರ್ಥಕ ರೂಪದಲ್ಲಿ (ಉತ್ತರ ಅಥವಾ ದಕ್ಷಿಣದಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ಡಿಗ್ರಿ ಎಂದು) ಕೊಡಿ. ದಿಕ್ಕು ಅಕ್ಷರದಲ್ಲೇ ಇರುವುದರಿಂದ ಗೊಂದಲವಿಲ್ಲ. ನಿಮ್ಮ ನಾಲ್ಕು ಗೆರೆಗಳು:

@60<ಎನ್45ಡಿ30'ಇ
@48.20<ಎಸ್47ಡಿ45'ಇ
@55<ಎಸ್41ಡಿ40'ಡಬ್ಲ್ಯೂ
@52.41<ಎನ್53ಡಿ8'ಡಬ್ಲ್ಯೂ

ಕೀಬೋರ್ಡಿನಲ್ಲಿ ಅಕ್ಷರಗಳನ್ನು ಇಂಗ್ಲಿಷ್‌ನಲ್ಲೇ ಒತ್ತಬೇಕು. ಡಿಗ್ರಿ ಚಿಹ್ನೆಯ ಜಾಗದಲ್ಲಿ ಡಿ. ನಡುವೆ ಎಲ್ಲೂ ಸ್ಪೇಸ್ ಬೇಡ, ಆಟೋಕ್ಯಾಡ್‌ಗೆ ಸ್ಪೇಸ್ ಅಂದರೆ ಎಂಟರ್. ಲಿಸ್ಟ್ ಕಮಾಂಡ್ ತೋರಿಸುವ ಬೇರಿಂಗ್‌ನಲ್ಲಿ ಸ್ಪೇಸ್ ಇರುತ್ತದೆ. ಅದನ್ನೇ ಕಾಪಿ ಮಾಡಿ ಅಂಟಿಸಿದರೆ ನಮೂದು ಅರ್ಧಕ್ಕೇ ಮುರಿಯುತ್ತದೆ. ಓದುವಾಗಲೂ ಬೇರಿಂಗ್ ಕಾಣಬೇಕೆಂದರೆ ಯೂನಿಟ್ಸ್‌ನಲ್ಲಿ ಕೋನದ ಬಗೆ ಸರ್ವೇಯರ್ಸ್ ಯೂನಿಟ್ಸ್ ಮಾಡಿ, ನಿಖರತೆಯನ್ನು ಸೆಕೆಂಡಿನವರೆಗೆ ಏರಿಸಿ. ನಿಖರತೆ ಬರೀ ಡಿಗ್ರಿಗೆ ನಿಂತಿದ್ದರೆ ಗೆರೆ ಸರಿಯಿದ್ದರೂ ಲಿಸ್ಟ್ ಪೂರ್ಣಾಂಕಕ್ಕೆ ಇಳಿಸಿ ತೋರಿಸುತ್ತದೆ.

ಯುಸಿಎಸ್ (ನಾವೇ ಇಟ್ಟುಕೊಳ್ಳುವ ಎಕ್ಸ್, ವೈ ಅಕ್ಷಗಳು) ತಿರುಗಿಸಿದ್ದರೆ ಮೊದಲು ವರ್ಲ್ಡ್‌ಗೆ, ಅಂದರೆ ಮೂಲ ಅಕ್ಷಗಳಿಗೆ ತನ್ನಿ. ಟೈಪ್ ಮಾಡಿದ ಕೋನವೆಲ್ಲ ಚಾಲ್ತಿಯಲ್ಲಿರುವ ಯುಸಿಎಸ್‌ನಿಂದಲೇ ಎಣಿಕೆಯಾಗುತ್ತದೆ.

ಬಿಂದುರೇಖೆ:

ಇದನ್ನು ಓದುವ ಬೇರೆಯವರಿಗಾಗಿ: 132°15' ಅನ್ನು 132.15 ಎಂದು ಹಾಕುವವರು ಬಹಳ. ಅದು 132°09' ಆಗುತ್ತದೆ. 48.20 ಮೀಟರ್ ಕೊನೆಯಲ್ಲಿ 8 ಸೆಂ.ಮೀ. ಸರಿಯುತ್ತದೆ. 306°52' ಅನ್ನು 306.52 ಮಾಡಿದರೆ 52.41 ಮೀಟರ್‌ಗೆ ಸುಮಾರು 32 ಸೆಂ.ಮೀ. ಟ್ರಾವರ್ಸ್ ಕೂಡದಿದ್ದಾಗ ಸರ್ವೆಯವರನ್ನು ದೂರುವ ಮುಂಚೆ ಇದನ್ನು ನೋಡಿ. ನಿಮಿಷವನ್ನು 60 ರಿಂದ ಭಾಗಿಸಿಯೇ ಹಾಕಬೇಕು.

ಗೆರೆಗಳು ಇಪ್ಪತ್ತು ಮೂವತ್ತು ಇದ್ದರೆ ಎಕ್ಸೆಲ್ ಲೇಸು. ಉದ್ದ ಗುಣಿಸು ಬೇರಿಂಗ್‌ನ ಸೈನ್ ಅಂದರೆ ಪೂರ್ವಕ್ಕೆ ಸರಿದ ದೂರ, ಕಾಸ್ ಅಂದರೆ ಉತ್ತರಕ್ಕೆ ಸರಿದ ದೂರ. ಎಕ್ಸೆಲ್‌ಗೆ ಕೋನ ರೇಡಿಯನ್‌ನಲ್ಲಿ ಬೇಕು. ಆಟೋಕ್ಯಾಡ್‌ಗೆ ಪೂರ್ವ ಮೊದಲು, ಉತ್ತರ ಆಮೇಲೆ. ಟೋಟಲ್ ಸ್ಟೇಷನ್‌ನಿಂದ (ಸರ್ವೆ ಉಪಕರಣ) ಇಳಿಸಿದ ಫೈಲ್ ಪಿಎನ್‌ಇಝಡ್‌ಡಿ (ಬಿಂದು, ಉತ್ತರ, ಪೂರ್ವ, ಎತ್ತರ, ವಿವರ) ಕ್ರಮದಲ್ಲಿದ್ದರೆ ಉತ್ತರ ಮೊದಲು ಇರುತ್ತದೆ. ಹಾಗೇ ಅಂಟಿಸಿದರೆ ಮೇಲೆ ಹೇಳಿದ ಮಗುಚಿದ ಆಕೃತಿಯೇ ಮತ್ತೆ ಹಾಜರ್. ಸ್ಕ್ರಿಪ್ಟ್ ಫೈಲ್ ಮೂಲಕ ಓಡಿಸುವುದಾದರೆ ಎಫ್3 ಒತ್ತಿ ಆಬ್ಜೆಕ್ಟ್ ಸ್ನ್ಯಾಪ್ ಆಫ್ ಮಾಡಿ. ಓಸ್ನ್ಯಾಪ್‌ಕೋಆರ್ಡ್ ಎಂಬ ಸೆಟ್ಟಿಂಗ್‌ನ ಮೂಲ ಬೆಲೆ 2. ಅದರಲ್ಲಿ ಕೈಯಿಂದ ಟೈಪ್ ಮಾಡಿದ ಬಿಂದುವಿಗೆ ಸ್ನ್ಯಾಪ್ ಕಾಟವಿಲ್ಲ, ಸ್ಕ್ರಿಪ್ಟ್‌ನ ಬಿಂದುಗಳು ಮಾತ್ರ ಪಕ್ಕದ ಗೆರೆಯ ತುದಿಗೆ ಅಂಟಿಕೊಳ್ಳಬಹುದು.

ಗಡಿಕಲ್ಲು:

ಚತುರ್ಥಕ ರೂಪದಲ್ಲೇ ಹಾಕಿದೆ, ಟೆಕ್ಸ್ಟ್ ಸಮಸ್ಯೆ ಹೋಯಿತು. ಕೊನೆಯ ಪ್ರಶ್ನೆ: ಬೆಂಗಳೂರು ಹೊರವಲಯದ ಈ ಜಾಗವನ್ನು ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿದ ನಕ್ಷೆ ಗ್ರಿಡ್) ಡ್ರಾಯಿಂಗ್ ಮೇಲೆ ಇಟ್ಟರೆ ಸುಮಾರು ಎರಡು ಡಿಗ್ರಿ ತಿರುಗಿ ಕೂರುತ್ತದೆ. ಹಾಳೆಯಲ್ಲಿ ‘ಕಾಂತೀಯ ಉತ್ತರ’ ಎಂದಿದೆ.

ನಕ್ಷೆಮನೆ:

ಹಾಗೇ ಬರಬೇಕು. ಬೆಂಗಳೂರಿನ ಕಡೆ ದಿಕ್ಸೂಚಿ ನಿಜ ಉತ್ತರದಿಂದ ಒಂದು ಡಿಗ್ರಿಗಿಂತ ತುಸು ಹೆಚ್ಚು ಪಶ್ಚಿಮಕ್ಕೆ ವಾಲುತ್ತದೆ. ವರ್ಷದಿಂದ ವರ್ಷಕ್ಕೆ ಬದಲಾಗುವ ಬೆಲೆ ಅದು, ಸರ್ವೆ ಮಾಡಿದ ದಿನಾಂಕದ್ದನ್ನೇ ಹಿಡಿಯಬೇಕು. ಮೇಲಾಗಿ ಯುಟಿಎಂ 43ನೇ ವಲಯದ ನಡುರೇಖೆ 75° ಪೂರ್ವ, ಬೆಂಗಳೂರು 77°35' ಹತ್ತಿರ. ಅಲ್ಲಿ ಗ್ರಿಡ್ ಉತ್ತರ (ಗ್ರಿಡ್‌ನ ಲಂಬಗೆರೆಯ ದಿಕ್ಕು) ನಿಜ ಉತ್ತರಕ್ಕಿಂತ ಸುಮಾರು 35 ನಿಮಿಷ ಪೂರ್ವಕ್ಕಿರುತ್ತದೆ. ಒಂದು ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ ಇರುವುದರಿಂದ ಎರಡೂ ಅಂತರ ಕೂಡಿಕೊಳ್ಳುತ್ತವೆ, ಆಕೃತಿಯನ್ನು ಅಷ್ಟು ಅಪ್ರದಕ್ಷಿಣವಾಗಿ ತಿರುಗಿಸಬೇಕಾಗುತ್ತದೆ. 100 ಮೀಟರ್‌ಗೆ ಒಂದು ಡಿಗ್ರಿ ಅಂದರೆ 1.75 ಮೀ., ಬಿಟ್ಟುಬಿಡುವಂಥದ್ದಲ್ಲ.

ಲೆಕ್ಕಕ್ಕಿಂತ ಒಳ್ಳೆಯ ದಾರಿ, ಎರಡು ಗಡಿಕಲ್ಲುಗಳಿಗೆ ಡಿಜಿಪಿಎಸ್ (ಹೆಚ್ಚು ನಿಖರವಾದ ಜಿಪಿಎಸ್) ಬಿಂದು ತರಿಸಿ ಅಲೈನ್ ಕಮಾಂಡ್ ಬಳಸುವುದು. ಉಪಗ್ರಹ ಚಿತ್ರದಲ್ಲಿ ಕಾಣುವ ಬೇಲಿಗೆ ಹೊಂದಿಸಬೇಡಿ, ಅದೇ ಒಂದೆರಡು ಮೀಟರ್ ಆಚೀಚೆ ಇರಬಹುದು. ಕೊನೆಯಲ್ಲಿ ಅಲೈನ್ ಕಮಾಂಡ್ ಸ್ಕೇಲ್ ಮಾಡಲೇ ಎಂದು ಕೇಳುತ್ತದೆ, ಬೇಡ ಅನ್ನಿ: ಬೆಂಗಳೂರಿನಲ್ಲಿ ಯುಟಿಎಂ ಅಂತರ ನೆಲದ ಅಂತರಕ್ಕಿಂತ 100 ಮೀಟರ್‌ಗೆ ಸುಮಾರು 4 ಸೆಂ.ಮೀ. ಹೆಚ್ಚು ತೋರಿಸುತ್ತದೆ, ಸ್ಕೇಲ್ ಮಾಡಿದರೆ ಹಾಳೆಯ ಉದ್ದಗಳೆಲ್ಲ ಬದಲಾಗುತ್ತವೆ.