ಬಾಕ್ಸ್ ಪ್ಲಾಟ್: ಕೈಲೆಕ್ಕ ಒಂದು, ಕಂಪ್ಯೂಟರ್ ಇನ್ನೊಂದು. ನಿಮಗೂ ಹೀಗಾಗಿದೆಯಾ?

ಕೇಳಿದವರು: ಬಾಕ್ಸ್ ಪ್ಲಾಟ್ ಬಿಡಿಸಬೇಕು, ಅಂದರೆ ಸಂಖ್ಯೆಗಳ ನಡುವಿನ ಅರ್ಧ ಒಂದು ಪೆಟ್ಟಿಗೆಯೊಳಗೆ, ಉಳಿದವು ಎರಡು ಬದಿಯ ಗೆರೆಗಳಲ್ಲಿ (ಮೀಸೆ) ಕಾಣುವ ಚಿತ್ರ. ನನ್ನ ಹತ್ತಿರ ಇರುವುದು ಒಂಬತ್ತೇ ಸಂಖ್ಯೆ: 12, 15, 16, 18, 21, 22, 24, 27, 38. ಕೈಯಲ್ಲಿ ಬಿಡಿಸಿದರೆ ಪೆಟ್ಟಿಗೆ 15.5ರಿಂದ 25.5, ಬಲಗಡೆ ಮೀಸೆ 38ರವರೆಗೆ. ಕಂಪ್ಯೂಟರ್‌ನಲ್ಲಿ ಪೆಟ್ಟಿಗೆ 16ರಿಂದ 24, ಮೀಸೆ 27ಕ್ಕೇ ನಿಂತಿದೆ, 38 ಒಂಟಿ ಚುಕ್ಕಿ. ನಾಳಿದ್ದು ಒಪ್ಪಿಸಬೇಕು. ಯಾವುದನ್ನು ಇಟ್ಟುಕೊಳ್ಳಲಿ?

ಮೂರುರಾತ್ರಿ: ನನ್ನ ಹಳೇ ಗಾಯ ಕೆದಕಿದಿರಿ. ನನ್ನ ವರದಿಯಲ್ಲಿ 42 ಬಾಕ್ಸ್ ಪ್ಲಾಟ್ ಇದ್ದವು. ಕೋಷ್ಟಕದಲ್ಲಿ ಒಂದು ಕ್ಯೂ3 (ಪೆಟ್ಟಿಗೆಯ ದೊಡ್ಡ ಸಂಖ್ಯೆಯ ಕಡೆಯ ಅಂಚು), ಅದರ ಕೆಳಗಿನ ಚಿತ್ರದಲ್ಲಿ ಇನ್ನೊಂದು. ಎರಡೂ ಒಂದೇ ಎಕ್ಸೆಲ್ ಫೈಲು! ಮೊದಲ ರಾತ್ರಿ ಅಂಕಿಗಳ ಮೇಲೇ ಅನುಮಾನಪಟ್ಟು, 1,260 ಸಂಖ್ಯೆಗಳನ್ನು ಕಾಗದದ ಜೊತೆ ಒಂದೊಂದಾಗಿ ತಾಳೆ ನೋಡಿದೆ. ಸಿಕ್ಕಿದ್ದು ಒಂದೇ ತಪ್ಪು, ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಎರಡನೇ ರಾತ್ರಿ ಎಲ್ಲ ಚಿತ್ರ ಅಳಿಸಿ ಹೊಸದಾಗಿ ಹಾಕಿದೆ. ಮತ್ತೆ ಅದೇ. ಮೂರನೇ ರಾತ್ರಿ ಎರಡು ಗಂಟೆಗೆ ಗೊತ್ತಾಯಿತು: ಪೆಟ್ಟಿಗೆಯ ಅಂಚು ಹುಡುಕುವ ಎಕ್ಸೆಲ್‌ನ ಹಳೇ ಕ್ವಾರ್ಟೈಲ್ ಸೂತ್ರ ‘ಇನ್‌ಕ್ಲೂಸಿವ್’ ಲೆಕ್ಕ (ನಟ್ಟನಡುವಿನ ಸಂಖ್ಯೆಯಾದ ಮಧ್ಯಾಂಕವನ್ನೂ ಸೇರಿಸುವುದು) ಹಿಡಿಯುತ್ತದೆ, ಬಾಕ್ಸ್ ಚಾರ್ಟ್ ನಾವು ಬದಲಿಸದಿದ್ದರೆ ‘ಎಕ್ಸ್‌ಕ್ಲೂಸಿವ್’ (ಅದನ್ನು ಬಿಡುವುದು) ಹಿಡಿಯುತ್ತದೆ. ಒಂದು ಗುಂಡಿ ಬದಲಿಸಿದರೆ ಮುಗೀತು. ಆ ಗುಂಡಿಯನ್ನು 42 ಸಲ ಒತ್ತಿದೆ.

ಲೆಕ್ಕದಮೇಷ್ಟ್ರು: ಇದರಲ್ಲಿ ಗೊಂದಲ ಏನಿದೆ? ಒಟ್ಟು ಎಣಿಕೆ ಬೆಸ ಆಗಿದ್ದರೆ ಮಧ್ಯಾಂಕವನ್ನು (ಇಲ್ಲಿ 21) ಬಿಟ್ಟು ಎರಡು ಪಾಲು ಮಾಡಬೇಕು, ಒಂದೊಂದು ಪಾಲಿನ ನಡುವೆ ಪೆಟ್ಟಿಗೆಯ ಒಂದೊಂದು ಅಂಚು. ಹತ್ತೊಂಬತ್ತು ವರ್ಷ ಹಾಗೇ ಹೇಳಿಕೊಟ್ಟಿದ್ದೇನೆ. ಆ 21ನ್ನು ಎರಡೂ ಕಡೆ ಎಣಿಸುವುದು ಒಬ್ಬನೇ ಎರಡು ಓಟು ಹಾಕಿದ ಹಾಗೆ. ನನ್ನ ವಿದ್ಯಾರ್ಥಿಗಳು ಯಾರೂ ಮೂರು ರಾತ್ರಿ ನಿದ್ದೆಗೆಟ್ಟಿಲ್ಲ.

ಮೂರುರಾತ್ರಿ: ಮೇಷ್ಟ್ರೇ, 1977ರಲ್ಲಿ ಈ ಚಿತ್ರವನ್ನು ಎಲ್ಲರಿಗೂ ಪರಿಚಯ ಮಾಡಿಸಿದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಅವರೇ ಮಧ್ಯಾಂಕವನ್ನು ಎರಡೂ ಪಾಲಿಗೆ ಸೇರಿಸುತ್ತಿದ್ದರು. ಹಾಗಾದ್ರೆ ಕಳ್ಳ ಓಟು ಅವರದ್ದೇ. ಅಂಕಿಅಂಶಕ್ಕೆ ಬಳಸುವ ‘ಆರ್’ ಎಂಬ ಕಂಪ್ಯೂಟರ್ ಭಾಷೆಯಲ್ಲಂತೂ ಇಂಥ ಅಂಚುಗಳ (ಕ್ವಾಂಟೈಲ್) ಲೆಕ್ಕಕ್ಕೆ 9 ವಿಧ ಇವೆ. ನಿದ್ದೆ ಬಗ್ಗೆ ಆಮೇಲೆ ಮಾತಾಡೋಣ.

ಲ್ಯಾಬಿನವ: ಪೆಟ್ಟಿಗೆಯ ಅಂಚಿಗೆ ಯಾಕೆ ಜಗಳ? ನಿಜವಾದ ಅನಾಹುತ ಚುಕ್ಕಿಯಲ್ಲಿದೆ. ಪೆಟ್ಟಿಗೆಯ ಅಂಚಿನಿಂದ ಅದರ ಉದ್ದದ ಒಂದೂವರೆ ಪಟ್ಟು ದೂರದಲ್ಲಿ ಬೇಲಿ, ಅದರಾಚೆ ಇದ್ದದ್ದೆಲ್ಲ ಔಟ್‌ಲಯರ್ (ಗುಂಪಿನಿಂದ ದೂರ ಬಿದ್ದದ್ದು) ಅಂತ ನಮ್ಮಲ್ಲಿ 11 ಅಳತೆ ಅಳಿಸಿದೆವು. ಅಳಿಸಿದವನು ನಾನೇ. ಚಿತ್ರ ಎಷ್ಟು ಚೆನ್ನಾಗಿ ಕಾಣ್ತಿತ್ತು! ನಾಲ್ಕು ತಿಂಗಳ ಮೇಲೆ ಯಂತ್ರವೊಂದು ಕೂತುಹೋಯಿತು. ಹಳೇ ಹಾಳೆ ತೆಗೆದು ನೋಡಿದರೆ ಆ 11ರಲ್ಲಿ 9 ಅದೇ ಯಂತ್ರದವು. ಬೇರಿಂಗ್ ಸವೆಯುತ್ತಿರುವುದನ್ನು ಅದು ಅಷ್ಟು ಮೊದಲೇ ಹೇಳಿತ್ತು, ನಾನು ಬಾಯಿ ಮುಚ್ಚಿಸಿದ್ದೆ. ಯಾವ ತೊಂದರೆಯೂ ಇಲ್ಲದ ನಾರ್ಮಲ್ ಹಂಚಿಕೆಯಲ್ಲೂ (ನಡುವೆ ಹೆಚ್ಚು, ಎರಡು ಬದಿಗೂ ಸಮನಾಗಿ ಇಳಿಯುವ ಗಂಟೆಯಾಕಾರ) ಸಾವಿರಕ್ಕೆ ಸುಮಾರು 7 ಸುಮ್ನೆ ಬೇಲಿ ಹಾರುತ್ತವೆ. ಬೇಲಿ ಹಾರಿದ್ದು ತಪ್ಪು ಅಂತ ಅರ್ಥವಲ್ಲ.

ಎರಡುಗುಡ್ಡ: ನಾನು ಬಾಕ್ಸ್ ಪ್ಲಾಟ್ ಬಿಟ್ಟೇಬಿಟ್ಟೆ, ಚುಕ್ಕಿಗಳನ್ನೇ ಹಾಕುತ್ತೇನೆ. ನಮ್ಮಲ್ಲಿ ಅರ್ಧ ಕೆಲಸ 8ರಿಂದ 10 ನಿಮಿಷ ಹಿಡಿಯುತ್ತಿತ್ತು, ಇನ್ನರ್ಧ 50ರಿಂದ 52. ಪೆಟ್ಟಿಗೆ 9ರಿಂದ 51, ನಟ್ಟನಡುವೆ 30ಕ್ಕೆ ಮಧ್ಯಾಂಕದ ಗೆರೆ, ಎರಡು ಬದಿಗೂ ಮೋಟು ಮೀಸೆ. ‘ಸಾಮಾನ್ಯವಾಗಿ 30 ನಿಮಿಷ’ ಅಂತ ನಾನು ಸಭೆಯಲ್ಲಿ ಓದಿದೆ. 30 ನಿಮಿಷ ಹಿಡಿದ ಕೆಲಸ ಒಂದೂ ಇರಲಿಲ್ಲ! ಎದುರಿಗೆ ಕೂತಿದ್ದವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಲ್ಯಾಬಿನವ: ಅದು ಚಿತ್ರದ ತಪ್ಪಲ್ಲ ಸ್ವಾಮಿ, ಓದಿದವರ ತಪ್ಪು. ಇಪ್ಪತ್ತು ಗುಂಪುಗಳನ್ನು ಪಕ್ಕಪಕ್ಕ ನಿಲ್ಲಿಸಿ ಹೋಲಿಸಬೇಕಾದರೆ ನಿಮ್ಮ ಚುಕ್ಕಿಗಳು ರಾಗಿ ಚೆಲ್ಲಿದ ಹಾಗೆ ಕಾಣುತ್ತವೆ.

ಎರಡುಗುಡ್ಡ: 11 ಅಳತೆ ಅಳಿಸಿದವರಿಂದ ಪಾಠ ಬೇಡ.

ಪದಪ್ರೇಮಿ: ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಈ ‘ಮೀಸೆ’ ಯಾಕೆ? ವಿಸ್ಕರ್ ಅಂದರೆ ಸಾಕಲ್ಲ. ಮೀಸೆ ಅಂದ ತಕ್ಷಣ ನಗು ಬರುತ್ತದೆ.

ಲೆಕ್ಕದಮೇಷ್ಟ್ರು: ಬೆಕ್ಕಿಗೂ ಮೀಸೆ ಇರುತ್ತದೆ, ಯಾರೂ ನಗುವುದಿಲ್ಲ. ನನ್ನ ತರಗತಿಯಲ್ಲಿ ಮೀಸೆ ಅಂದ ಮೇಲೆ ಮರೆತವರೇ ಇಲ್ಲ. ಒಂದು ತಪ್ಪು ಮಾತ್ರ ವರ್ಷಾವರ್ಷ ಬರುತ್ತದೆ: ಮೀಸೆಯನ್ನು ಬೇಲಿಯವರೆಗೆ ಎಳೆದುಬಿಡುತ್ತಾರೆ. ಕಂಪ್ಯೂಟರ್ ಲೆಕ್ಕದಲ್ಲಿ ಬೇಲಿ 36. ಅಲ್ಲಿ ಸಂಖ್ಯೆ ಎಲ್ಲಿದೆ? ಬೇಲಿಯೊಳಗಿನ ಕೊನೆಯ ಸಂಖ್ಯೆ 27, ಅಲ್ಲಿಗೇ ನಿಲ್ಲಬೇಕು.

ಮೂರುರಾತ್ರಿ: ಅಂತೂ ಕಂಪ್ಯೂಟರ್ ಲೆಕ್ಕಕ್ಕೆ ಬಂದಿರಲ್ಲ ಮೇಷ್ಟ್ರೇ.

ಲೆಕ್ಕದಮೇಷ್ಟ್ರು: ಒಪ್ಪಿದ್ದೇನೆ ಅಂತ ಎಲ್ಲಿ ಹೇಳಿದೆ? ಉದಾಹರಣೆಗೆ ಹೇಳಿದೆ ಅಷ್ಟೇ. ನನ್ನ ಲೆಕ್ಕದಲ್ಲಿ ಬೇಲಿ 40.5, 38 ಒಳಗೇ ಇದೆ.

ಕೇಳಿದವರು: ಹಾಗಾದ್ರೆ 38 ಒಂದು ಲೆಕ್ಕದಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಸರಿ, ಕೈಯಲ್ಲಿ ಬಿಡಿಸಿದ್ದನ್ನೇ ಇಟ್ಟು, ಮಧ್ಯಾಂಕ ಬಿಟ್ಟಿದ್ದೇನೆ ಅಂತ ಕೆಳಗೆ ಬರೆಯುತ್ತೇನೆ. ಇನ್ನೊಂದು ಪ್ರಶ್ನೆ: ಬಲಗಡೆ ಮೀಸೆ ಅಷ್ಟುದ್ದ ಇದೆಯಲ್ಲ, ಅಲ್ಲಿ ಜಾಸ್ತಿ ಸಂಖ್ಯೆ ಇವೆ ಅಂತ ಬರೆಯಬಹುದಾ?

ಎರಡುಗುಡ್ಡ: ಎಣಿಸಿ ನೋಡಿ. ಬಲಗಡೆ ಉದ್ದ ಮೀಸೆಯಲ್ಲಿ 27, 38. ಎಡಗಡೆ ಗಿಡ್ಡ ಮೀಸೆಯಲ್ಲಿ 12, 15. ಎರಡೆರಡೇ. ಉದ್ದ ಇದ್ದರೆ ಚೆದುರಿವೆ ಅಂತ, ಜಾಸ್ತಿ ಇವೆ ಅಂತಲ್ಲ. ಚುಕ್ಕಿ ಹಾಕಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಲ್ಯಾಬಿನವ: ಶುರು ಮಾಡಿದರು ನೋಡಿ ಮತ್ತೆ.